ಗಾಳೆಮ್ಮ ಬಾಲ ಎತ್ತಿದ್ದು

“ಗುರುಗಳೇ, ಇನ್ನು ಏನನ್ನು ಬಿಡಲಿ?” ಎಂದು ಶಂಭುಲಿಂಗ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದವನು ಅವರ ಶಿಷ್ಯರಲ್ಲೆಲ್ಲ ಗಟ್ಟಿಗ. ಬಿಡಬೇಕೆಂದು ಮನಸ್ಸು ಮಾಡಿದರೆ ಬಿಟ್ಟೇ ತೀರುವವನು. ಮೊದಲು ಉಪ್ಪು ಬಿಟ್ಟ. ಆಮೇಲೆ ಚಾಪೆ ಬಿಟ್ಟ, ರಾತ್ರಿಯ ಊಟ ಬಿಟ್ಟ. ಹರಟೆ ಬಿಟ್ಟ, ಅದರ ಹಿಂದೆಯೇ ಜೊತೆಯವರನ್ನೂ ಬಿಟ್ಟ. ಈಗ ಮಠದ ಹಿಂದಿನ ಗುಡ್ಡದ ಗವಿಗೆ ಹೋಗಿ ನೆಲೆಸಲು ಅಪ್ಪಣೆ ಬೇಡುತ್ತಿದ್ದ. ಒಮ್ಮೆ ಹತ್ತಿದರೆ ಮತ್ತೆ ಇಳಿಯುವುದಿಲ್ಲ ಎಂಬುದು ಅವನ ಸಂಕಲ್ಪ. ಗುರುಗಳು ಹೂಂ ಎಂದರೆ ಬೆಳಗಾಗುತ್ತಲೇ ಹೊರಡುವುದೊಂದೇ ಬಾಕಿ.

ತಾನು ಎಷ್ಟು ಮೇಲೆ ಬಂದಿದ್ದೇನೆ ಎಂಬುದಕ್ಕೆ ಅವನು ಸಾಕ್ಷಿಯನ್ನೂ ಕೊಟ್ಟ. ಮೊನ್ನೆ ಅಡುಗೆಯ ಗಂಗಯ್ಯನ ಕೈಮೇಲೆ ಕುದಿಯುವ ಗಂಜಿ ಚೆಲ್ಲಿತ್ತು. ಅವನು ಕೂಗಿಕೊಂಡಾಗ ಮಠಕ್ಕೆ ಮಠವೇ ಓಡಿತ್ತು. ಪಕ್ಕದ ಕೋಣೆಯಲ್ಲೇ ಧ್ಯಾನಕ್ಕೆ ಕುಳಿತಿದ್ದ ಶಂಭುಲಿಂಗ ಮಾತ್ರ ಕದಲಿರಲಿಲ್ಲ. ಕೂಗು ಕಿವಿಗೆ ಬಿತ್ತು, ಮನಸ್ಸಿಗೆ ತಾಗಲಿಲ್ಲ ಎಂದು ಹೇಳುವಾಗ ಅವನ ಮುಖ ಬೆಳಗುತ್ತಿತ್ತು.

“ಹಾಗಾದರೆ ಬಹಳ ಹಗುರಾಗಿದ್ದೀಯ” ಎಂದರು ಗುರುಗಳು. ಒಂದು ಬೊಗಸೆ ಅವರೆಕಾಯಿ ತೆಗೆದು ಅವನ ಮುಂದೆ ಹಾಕಿದರು. “ಸುಲಿ. ಕೈ ಸುಮ್ಮನಿದ್ದರೆ ಕತೆ ಕಿವಿಯೊಳಕ್ಕೆ ಇಳಿಯುವುದಿಲ್ಲ. ನಿನ್ನ ಹಾಗೆಯೇ ಹಗುರಾಗಲು ಹೊರಟ ಒಬ್ಬನಿದ್ದ, ಅವನ ಕತೆ ಹೇಳುತ್ತೇನೆ.”

ಶಂಭುಲಿಂಗ ಒಲ್ಲದ ಮನಸ್ಸಿನಿಂದ ಒಂದು ಕಾಯಿ ಎತ್ತಿಕೊಂಡ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಹೊಟ್ಟೆಪಾಡಿಗೆ ಗಡಿಯಾರ, ಹುಚ್ಚಿಗೆ ವಿಮಾನ. ಜನ ಕುಳಿತು ಹೋಗುವ ವಿಮಾನವಲ್ಲ, ಬಿದಿರು ಸೀಳಿ ತೆಳುಕಾಗದ ಅಂಟಿಸಿ ಮಾಡುವ ಪುಟ್ಟ ವಿಮಾನ. ಅದರ ಹೊಟ್ಟೆಯೊಳಗೆ ಮೂಗಿನಿಂದ ಬಾಲದವರೆಗೆ ರಬ್ಬರಿನ ಎಳೆ, ಮೂಗಿನಲ್ಲಿ ಮರದ ಪಂಖ. ಪಂಖವನ್ನು ಬೆರಳಿನಿಂದ ತಿರುವಿ ತಿರುವಿ ರಬ್ಬರನ್ನು ಹುರಿಗೊಳಿಸಿ ಕೈಬಿಟ್ಟರೆ, ಹುರಿ ಬಿಚ್ಚಿಕೊಳ್ಳುತ್ತಾ ಪಂಖ ತಿರುಗುತ್ತದೆ, ವಿಮಾನ ಏರುತ್ತದೆ. ಹುರಿ ತೀರಿದ ಮೇಲೆ ತೇಲುತ್ತಾ ಇಳಿಯುತ್ತದೆ. ಗಾಳಿಪಟಕ್ಕಾದರೆ ದಾರವಿದೆ, ಬೇಡವೆನಿಸಿದರೆ ಎಳೆದುಕೊಳ್ಳಬಹುದು. ಇದಕ್ಕೆ ಅದಿಲ್ಲ. ಏನು ತಿದ್ದುವುದಿದ್ದರೂ ಕೈಯಲ್ಲಿರುವಾಗಲೇ ತಿದ್ದಬೇಕು. ಬಿಟ್ಟ ಮೇಲೆ, ಮಾಡಿದವನೇ ಆದರೂ, ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಲ್ಲುವುದಷ್ಟೇ ಕೆಲಸ.

ಈ ಹುಚ್ಚು ಆ ಊರಿನಲ್ಲಿ ಇನ್ನೂ ಕೆಲವರಿಗಿತ್ತು. ಒಕ್ಕಣೆ ಮುಗಿದು ಹೊಲ ಬಯಲಾದ ಮೇಲೆ ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಪಂದ್ಯ ನಡೆಸುತ್ತಿದ್ದರು. ಯಾರ ವಿಮಾನ ಹೆಚ್ಚು ಹೊತ್ತು ಆಕಾಶದಲ್ಲಿರುತ್ತದೋ ಅವರಿಗೆ ಒಂದು ಹಿತ್ತಾಳೆಯ ಫಲಕ. ಆದರೆ ಒಂದು ಕಟ್ಟಳೆ ಇತ್ತು. ಹಾರಿದ ವಿಮಾನವನ್ನು ಹೊತ್ತು ಮುಳುಗುವುದರೊಳಗೆ ತಂದು ತೀರ್ಪುಗಾರರ ಮೇಜಿನ ಮೇಲೆ ಇಡಬೇಕು. ಇಡದಿದ್ದರೆ ಅದು ಹಾರಿಯೇ ಇಲ್ಲವೆಂದು ಲೆಕ್ಕ. ದೂರ ಹೋಗಿ ಬಿದ್ದರೆ ಕಂಡವರು ತಂದುಕೊಡಲಿ ಎಂದು ಎಲ್ಲರೂ ರೆಕ್ಕೆಯ ಕೆಳಗೆ ತಮ್ಮ ಹೆಸರು, ಊರು ಬರೆಯುತ್ತಿದ್ದರು.

ಗಡಿಯಾರದವನು ಮಾತ್ರ ಬರೆಯುತ್ತಿರಲಿಲ್ಲ. ಯಾಕೆ ಗೊತ್ತೇ? ಶಾಯಿಗೂ ಭಾರವಿದೆ ಎಂದು.

ನಗಬೇಡ. ಅವನಿಗೆ ಅದು ನಗುವ ಮಾತಾಗಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವವನು ಅವನು, ತೂಕವೆಂದರೆ ಏನೆಂದು ಅವನ ಬೆರಳಿಗೆ ಗೊತ್ತಿತ್ತು. ಅವನಿಗಿಂತ ಮೊದಲು ಎಲ್ಲರೂ ಚಿತ್ರದಲ್ಲಿ ಕಂಡ ದೊಡ್ಡ ವಿಮಾನವನ್ನೇ ಚಿಕ್ಕದು ಮಾಡುತ್ತಿದ್ದರು. ಅದಕ್ಕೆ ಕಿಟಕಿ ಬಿಡಿಸುವುದೇನು, ಗಾಲಿ ಹಚ್ಚುವುದೇನು, ಬಣ್ಣ ಬಳಿಯುವುದೇನು. ಅಷ್ಟೆಲ್ಲ ಸಿಂಗಾರ ಹೊತ್ತು ಅದು ಬಾತುಕೋಳಿಯ ಹಾಗೆ ಎದ್ದು ಧೊಪ್ಪೆಂದು ಬೀಳುತ್ತಿತ್ತು. ಗಡಿಯಾರದವನೇ ಮೊದಲು ಕೇಳಿದ್ದು, ಕೂರುವವರೇ ಇಲ್ಲದ ವಿಮಾನಕ್ಕೆ ಕಿಟಕಿ ಯಾಕೆ ಎಂದು. ಕಿಟಕಿ ತೆಗೆದ. ಗಾಲಿ ಕಿತ್ತ. ಬಣ್ಣ ಬಿಟ್ಟ. ಕಡೆಗೆ ಉಳಿದದ್ದು ಉದ್ದನೆಯ ಸಪೂರ ಒಡಲು, ಅದರ ನೆತ್ತಿಯ ಮೇಲೆ ತುದಿ ಮೇಲೆತ್ತಿದ ಅಗಲ ರೆಕ್ಕೆ, ಹಿಂದೆ ರೆಕ್ಕೆಯ ಅರ್ಧದಷ್ಟು ದೊಡ್ಡ ಬಾಲ. ನೋಡಿದವರು ಇದೇನು ವಿಮಾನವೋ ಮಿಡತೆಯೋ ಎಂದರು. ಬಿಟ್ಟಾಗ ಮಿಡತೆ ಎಲ್ಲರಿಗಿಂತ ಮೇಲೆ ಹೋಯಿತು. ಅಂಥ ಮಾದರಿಯನ್ನು ಅದಕ್ಕೆ ಮೊದಲು ಆ ಸೀಮೆಯಲ್ಲಿ ಯಾರೂ ಕಟ್ಟಿರಲಿಲ್ಲ.

ಬಿಟ್ಟರೆ ಏರುತ್ತದೆ ಎಂಬ ರುಚಿ ಹತ್ತಿತು ನೋಡು, ಆಮೇಲೆ ಅವನನ್ನು ಹಿಡಿಯುವವರಿಲ್ಲ. ವರ್ಷ ವರ್ಷವೂ ಬಿದಿರು ಕೆರೆದ, ಕಾಗದ ತೆಳುವಾಗಿಸಿದ, ಗಂಟು ಹಾಕಿ ಉಳಿದ ದಾರದ ತುದಿಗಳನ್ನೂ ಕತ್ತರಿಸಿದ. “ಇನ್ನು ರೆಕ್ಕೆಯನ್ನೂ ತೆಗೆದುಬಿಡಿ, ಇನ್ನೂ ಹಗುರಾಗುತ್ತದೆ” ಎಂದಳು ಅವನ ಹೆಂಡತಿ. ಅವನು ಅದನ್ನೂ ಒಂದು ಗಳಿಗೆ ಯೋಚಿಸಿದನಂತೆ.

ಫಲ ಏನಾಯಿತು? ಸುಗ್ಗಿ ಕಳೆದ ಎರೆಹೊಲ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಬೆಯ ಹಾಗೆ ಮೇಲಕ್ಕೆದ್ದು ಹೋಗುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದು ಅಂಥ ಏರುಗಾಳಿಯಲ್ಲೇ. ಗಡಿಯಾರದವನ ವಿಮಾನ ಅಷ್ಟು ಹಗುರಾದ ಮೇಲೆ ಏರುಗಾಳಿ ಅದನ್ನು ಬಿಟ್ಟೀತೇ? ಎತ್ತಿಕೊಂಡೇ ಹೋಯಿತು. ಹದ್ದಿನಷ್ಟಾಯಿತು, ಗುಬ್ಬಿಯಷ್ಟಾಯಿತು, ಸಾಸಿವೆಯಷ್ಟಾಯಿತು, ಆಮೇಲೆ ಬರೀ ಆಕಾಶ. ಜನ ಚಪ್ಪಾಳೆ ತಟ್ಟಿದರು. ಹೊತ್ತು ಮುಳುಗಿತು. ಮೇಜಿನ ಮೇಲೆ ಇಡಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ಹೀಗೆ ಪ್ರತಿ ವರ್ಷ. ಎಲ್ಲರಿಗಿಂತ ಚೆನ್ನಾಗಿ ಹಾರಿದ್ದು ಅವನದು, ಲೆಕ್ಕಕ್ಕೆ ಬಾರದ್ದೂ ಅವನದೇ. ಫಲಕ ಯಾರಿಗೆ ಹೋಗುತ್ತಿತ್ತು ಗೊತ್ತೇ? ಒಬ್ಬ ಬೆಲ್ಲದ ವ್ಯಾಪಾರಿಗೆ. ಅವನ ವಿಮಾನವೂ ಅಚ್ಚುಬೆಲ್ಲದ ಹಾಗೇ ಇತ್ತು. ಏರಿದರೆ ಹುಣಸೆಮರದ ಎತ್ತರ, ಇಳಿದರೆ ಅವನ ಕಾಲಬುಡಕ್ಕೇ. ಹಾಳೂರಿಗೆ ಉಳಿದವನೇ ಗೌಡ ಎಂದು ಅವನೇ ತನ್ನನ್ನು ಹಾಸ್ಯ ಮಾಡಿಕೊಳ್ಳುತ್ತಾ ಫಲಕ ಹೊತ್ತುಕೊಂಡು ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಗಡಿಯಾರದವನಿಗೆ ಅವನ ನಗು ಕಂಡರೆ ಮೈ ಉರಿಯುತ್ತಿತ್ತು.

ಒಂದು ವರ್ಷ ಅವನ ಕೈಯಿಂದ ಒಂದು ವಿಮಾನ ಮೂಡಿತು. ಅಂಥದ್ದು ಮತ್ತೆ ತನ್ನಿಂದಲೂ ಆಗದು ಎಂದು ಅವನಿಗೇ ಗೊತ್ತಿತ್ತು. ಒಂದೇ ಗೆಣ್ಣಿನ ಬಿದಿರು, ಎಲ್ಲೂ ಒಂದು ಚೂರು ಡೊಂಕಿಲ್ಲ. ಅಂಗೈ ಮೇಲೆ ಇಟ್ಟರೆ ಇಟ್ಟದ್ದು ತಿಳಿಯುತ್ತಿರಲಿಲ್ಲ. ಅದೂ ಏರಿತು, ಅದೂ ಹೋಯಿತು. ಈ ಸಲ ಅವನಿಗೆ ತಡೆಯಲಾಗಲಿಲ್ಲ. ಮೇಜು ಗುದ್ದಿ ತೀರ್ಪುಗಾರರ ಮೇಲೆ ಕೂಗಾಡಿದ. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವ ನಿಮ್ಮದೂ ಒಂದು ನ್ಯಾಯವೇ ಎಂದ. ಅವರಿಗೂ ಸಾಕಾಗಿತ್ತು. ಬರುವ ವರ್ಷ ಹಾರಿಸಿದ್ದನ್ನು ತಂದು ಮೇಜಿನ ಮೇಲೆ ಇಟ್ಟರೆ ಸರಿ, ಇಲ್ಲವಾದರೆ ಈ ಬಯಲಿಗೆ ಇನ್ನು ಕಾಲಿಡಬೇಡ ಎಂದು ಹೇಳಿಯೇಬಿಟ್ಟರು.

ಅವನು ಮನೆಗೆ ಬಂದು ಎಷ್ಟೋ ದಿನ ತಲೆಯ ಮೇಲೆ ಕೈಹೊತ್ತು ಕುಳಿತ. ಆ ಬಯಲಿಲ್ಲದ ಮೇಲೆ ವರ್ಷವಿಡೀ ಯಾರದೋ ಗಡಿಯಾರ ನಡೆಸುವುದರಲ್ಲಿ ಏನಿದೆ ಎನಿಸಿತು ಅವನಿಗೆ. ಹೆಂಡತಿ ಬುತ್ತಿ ಕಟ್ಟಿಕೊಟ್ಟಳು. ಅಳುತ್ತಾ ಕೂರುವ ಬದಲು ಹುಡುಕಿಯಾದರೂ ಬನ್ನಿ, ಮೇಲೆ ಹೋದದ್ದು ಎಲ್ಲಾದರೂ ಕೆಳಗೆ ಬಿದ್ದೇ ಇರುತ್ತದೆ ಎಂದಳು. ಅವನು ಸೈಕಲ್ ಹತ್ತಿ ಗಾಳಿ ಬೀಸಿದ ದಿಕ್ಕಿಗೆ ಹೊರಟ.

ದಾರಿಯಲ್ಲಿ ಕಂಡವರನ್ನೆಲ್ಲ ಕೇಳಿದ. ಹಕ್ಕಿಯ ಹಾಗಿದೆ, ಹಕ್ಕಿಯಲ್ಲ, ಕಂಡಿರಾ ಎಂದರೆ ಯಾರು ಏನೆಂದಾರು? ಕೆಲವರು ನೀರು ಕುಡಿಸಿ ನೆರಳಲ್ಲಿ ಕೂರಿಸಿದರು. ಕಡೆಗೆ ಒಬ್ಬ ಕುರುಬ ಮಾತ್ರ ನಗಲಿಲ್ಲ. “ಓ, ಗಾಳೆಮ್ಮನೋ? ಮುಂದಿನ ಊರಿನಲ್ಲಿದ್ದಾಳೆ” ಎಂದ.

ಮುಂದಿನ ಊರಿನ ಬಾಗಿಲಲ್ಲಿ ಬೇವಿನ ಮರ, ಮರದ ಸುತ್ತ ಕಟ್ಟೆ, ಕಟ್ಟೆಯ ಮೇಲೊಂದು ಕಲ್ಲಿನ ಗೂಡು. ಗೂಡಿನೊಳಗೆ ಅವನ ವಿಮಾನ. ಮೂಗಿಗೆ ಅರಿಶಿನ, ರೆಕ್ಕೆಗೆ ಕುಂಕುಮ, ಕೊರಳಿದ್ದರೆ ಎಲ್ಲಿರುತ್ತಿತ್ತೋ ಅಲ್ಲೊಂದು ಚೆಂಡುಹೂವಿನ ಸರ. ಬಾಲದ ಸಂದಿಯಲ್ಲಿ ಒಂದು ಊದುಬತ್ತಿ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಆಕಾಶದಿಂದ ತಾನಾಗಿ ಇಳಿದುಬಂದವಳೆಂದು ಊರಿನವರು ಅದಕ್ಕೆ ಗಾಳೆಮ್ಮ ಎಂದು ಹೆಸರಿಟ್ಟಿದ್ದರು.

ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ಎಲುಬೂ ಮುರಿದಿರಲಿಲ್ಲ, ಅದೇ ದೊಡ್ಡದು. “ಅಜ್ಜೀ, ಇದು ನನ್ನದು” ಎಂದ.

“ನಿನ್ನದಾದರೆ ನಿನ್ನ ಹೆಸರೆಲ್ಲಿದೆಯಪ್ಪಾ?” ಎಂದಳು ಮುದುಕಿ.

ಅವನು ಶಾಯಿಯ ಭಾರದ ವಿಷಯ ವಿವರಿಸಿದ. ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ನಗಲಿಲ್ಲ, ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮಾಡಿದವನ ಹೆಸರನ್ನೇ ಹೊರಲಾರದ್ದು ಇನ್ನೇನನ್ನು ಹೊತ್ತೀತು ಎಂದು ಕೇಳಿದಳು. ಅವನು, ಪ್ರತಿಯೊಂದು ಗಂಟು ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳುತ್ತೇನೆ ಎಂದ. ದಿನಾ ಕೈಮುಗಿಯುವ ನಾವೂ ಹೇಳುತ್ತೇವೆ ಎಂದರು ಊರಿನವರು. ಮಾತು ಬೆಳೆಯಿತು. ಕೊನೆಗೆ ಒಬ್ಬ ಹಿರಿಯ, ನಮ್ಮ ನಿಮ್ಮ ಜಗಳ ಯಾಕೆ, ಹೂವು ಕೇಳೋಣ ಎಂದ.

ಹೂವು ಕೇಳುವುದು ನಿನಗೆ ಗೊತ್ತಲ್ಲ. ದೇವರ ಮೇಲೆ ಹೂವಿಟ್ಟು ಕಾಯುವುದು. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಮುದುಕಿ ಒಂದು ಕಣಗಿಲೆ ಹೂವನ್ನು ಗಾಳೆಮ್ಮನ ಬಾಲದ ಅಂಚಿನ ಮೇಲೆ ಇಟ್ಟಳು. ಇವನದೇ ಆದರೆ ಬಲಗಡೆ ಕೊಡು ತಾಯೀ ಎಂದು ಕೈಮುಗಿದಳು.

ಎಲ್ಲರೂ ಹೂವಿನ ಮೇಲೆ ಕಣ್ಣಿಟ್ಟು ಕುಳಿತರು. ಗಡಿಯಾರದವನಿಗೆ ಇಂಥದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೂ ತನ್ನ ಇಷ್ಟು ವರ್ಷದ ಕೆಲಸ, ತನ್ನ ಬಯಲು, ಎಲ್ಲ ಈಗ ಒಂದು ಹೂವಿನ ಮೇಲೆ ನಿಂತಿದೆ ಎನಿಸಿ ಅವನೂ ಒಳಗೊಳಗೇ ತಾಯೀ ಎಂದ. ಹೂವು ಅಲುಗಲಿಲ್ಲ. ಊದುಬತ್ತಿ ಉರಿದು ಉರಿದು ಗಿಡ್ಡವಾಯಿತು. ಬೇವಿನೆಲೆಯೊಂದು ಬಿದ್ದರೂ ಎಲ್ಲರೂ ಬೆಚ್ಚಿ ನೋಡುತ್ತಿದ್ದರು.

ಈಗ ಒಂದು ಮಾತು ಹೇಳುವುದು ಮರೆತಿದ್ದೆ. ಸೈಕಲ್ ಮೇಲೆ ಒಯ್ಯುವಾಗ ಬಿಚ್ಚಿಡಲು ಅನುಕೂಲವಾಗಲಿ ಎಂದು ಅವನು ಬಾಲವನ್ನು ಒಡಲಿಗೆ ಅಂಟಿಸಿರಲಿಲ್ಲ. ಸಣ್ಣ ರಬ್ಬರಿನ ಎಳೆಗಳಿಂದ ಮುಂದೊಂದು, ಹಿಂದೊಂದು ಬಿಗಿದು ಕಟ್ಟಿದ್ದ. ಮುದುಕಿ ಊದುಬತ್ತಿ ಸಿಕ್ಕಿಸಿದ್ದು ಹಿಂದಿನ ಎಳೆಯ ಪಕ್ಕದಲ್ಲೇ.

ಮೊದಲು ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಟಪ್ಪೆಂದು ಸದ್ದಾಯಿತು. ಹಿಂದಿನ ಎಳೆ ಹರಿದು, ಮುಂದಿನ ಎಳೆ ಜಗ್ಗಿ, ಗಾಳೆಮ್ಮ ಕರುವಿನ ಹಾಗೆ ಬಾಲ ಎತ್ತಿದಳು. ಹೂವು ಚಿಮ್ಮಿ ಬಲಗಡೆ ಕುಳಿತಿದ್ದ ಗಡಿಯಾರದವನ ಮಡಿಲಿಗೇ ಬಂದು ಬಿತ್ತು.

ಕಟ್ಟೆಯ ಮೇಲೆ ಹೋ ಎಂದು ಕೂಗೆದ್ದಿತು. ಬಲಗಡೆ ಕೊಡುವುದಿರಲಿ, ಕೈಗೇ ಕೊಟ್ಟಳಲ್ಲ ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ತಗೋ ಮಾರಾಯ, ನಿನ್ನದೇ ಎಂದರು. ಅವನು ತಗೊಳ್ಳಲೇ ಇಲ್ಲ. ಎಲ್ಲರೂ ಹೂವು ನೋಡುತ್ತಿದ್ದರು, ಅವನೊಬ್ಬ ಎದ್ದ ಬಾಲವನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ, ಅಜ್ಜೀ, ನಿಮ್ಮ ಮನೆಯ ಮಾಳಿಗೆ ಹತ್ತಬಹುದೇ ಎಂದು ಕೇಳಿದ. ವಿಮಾನವನ್ನು ಎತ್ತಿಕೊಂಡು ಹತ್ತಿದ. ಬಾಲವನ್ನು ಮೊದಲಿನ ಹಾಗೆ ಮಟ್ಟಸವಾಗಿ ಕಟ್ಟಿ ಬಿಟ್ಟ, ಅದು ತೇಲುತ್ತಾ ಬೀದಿ ದಾಟಿ ಬಾವಿಯವರೆಗೆ ಹೋಯಿತು. ಊರಿನ ಹುಡುಗರು ಓಡಿ ತಂದುಕೊಟ್ಟರು. ಬಾಲ ಎತ್ತಿ ಬಿಟ್ಟ, ಅದು ಎಲ್ಲಿಗೂ ಹೋಗಲಿಲ್ಲ. ಮುತ್ತುಗದ ಎಲೆಯ ಹಾಗೆ ಮಟ್ಟಸವಾಗಿ, ಮೆಲ್ಲಗೆ, ಅಲ್ಲೇ ಅಂಗಳಕ್ಕೆ ಇಳಿದು ಕುಳಿತಿತು. ಅವನು ಮಾಳಿಗೆಯ ಮೇಲೆ ನಿಂತೇ ನಗತೊಡಗಿದ. ಇಷ್ಟು ವರ್ಷ ಏರಿಸಲು ಏನೇನೋ ಕಿತ್ತುಹಾಕಿದ್ದ. ಇಳಿಸಲು ಏನಾದರೂ ಇಡಬೇಕೆಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಜನ ಚದುರಿದ ಮೇಲೆ ಮುದುಕಿ ಅವನಿಗೆ ಮಜ್ಜಿಗೆ ಕೊಟ್ಟಳು. ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದಳು. “ದೇವರೋ ಅಲ್ಲವೋ ನನಗೇನು ಗೊತ್ತಪ್ಪಾ. ಬಿದ್ದ ದಿನ ಹುಡುಗರು ರೆಕ್ಕೆ ಹಿಡಿದು ಎಳೆದಾಡುತ್ತಿದ್ದವು. ಯಾವ ತಾಯಿಯ ಮಗ ಎಷ್ಟು ಕಣ್ಣು ಸೋಲಿಸಿ ಮಾಡಿದ್ದಾನೋ ಎನಿಸಿತು. ಎರಡು ಬೊಟ್ಟು ಕುಂಕುಮ ಇಟ್ಟೆ. ಆಮೇಲೆ ಯಾರೂ ಮುಟ್ಟಲಿಲ್ಲ.”

ಗಡಿಯಾರದವನ ಕೆಲಸವನ್ನು ಹೊಗಳಿದವರು ಬಹಳ ಮಂದಿ ಇದ್ದರು. ಅದು ಹಾಳಾಗದಿರಲಿ ಎಂದವರು ಯಾರೂ ಇರಲಿಲ್ಲ. ಮಜ್ಜಿಗೆಯ ಲೋಟ ಕೆಳಗಿಟ್ಟು ಅವಳ ಕಾಲು ಮುಟ್ಟಿದ. ಏನು ಬೇಕು ಹೇಳಿ ಅಜ್ಜೀ ಎಂದ. ಎರಡು ಬೇಕು ಎಂದಳು. ಈ ಸಲ ಹೆಸರು ಬರೆ. ಪಂದ್ಯ ಮುಗಿದ ಮೇಲೆ ಗಾಳೆಮ್ಮನನ್ನು ತಂದು ಗೂಡಿನಲ್ಲಿ ಇಡು, ಇಲ್ಲದಿದ್ದರೆ ಊರಿನವರಿಗೆ ನಾನು ಏನು ಹೇಳಲಿ? ಎರಡಕ್ಕೂ ಅವನು ಮಾತು ಕೊಟ್ಟ.

ಆ ವರ್ಷವೆಲ್ಲ ಅವನ ಅಂಗಡಿಯಲ್ಲಿ ಊದುಬತ್ತಿಯ ಘಮ. ಎಷ್ಟುದ್ದದ ಚೂರು ಎಷ್ಟು ಹೊತ್ತು ಉರಿಯುತ್ತದೆ ಎಂದು ಗಡಿಯಾರ ಎದುರಿಟ್ಟುಕೊಂಡು ನೋಡಿದ. ಸೊಂಡಿಲಿನಂಥ ಸಣ್ಣ ತಗಡಿನ ಕೊಳವೆ ಮಾಡಿ, ಅದರಲ್ಲಿ ಬತ್ತಿಯನ್ನು ಬಾಲದ ಹಿಂದಿನ ಎಳೆಯ ಪಕ್ಕಕ್ಕೆ, ಬೆಂಕಿ ಕಾಗದಕ್ಕೆ ತಾಗದ ಹಾಗೆ ಕೂರಿಸಿದ. ತಗಡು ಭಾರವಲ್ಲವೇ ಎಂದು ಹೆಂಡತಿ ಕೆಣಕಿದಳು. ಹೌದು, ಭಾರವೇ ಎಂದ, ಮತ್ತೆ ತನ್ನ ಕೆಲಸ ಮುಂದುವರಿಸಿದ. ರೆಕ್ಕೆಯ ಕೆಳಗೆ ದಪ್ಪ ಅಕ್ಷರಗಳಲ್ಲಿ ಗಾಳೆಮ್ಮ ಎಂದು ಬರೆದು, ಅದರ ಕೆಳಗೆ ಮುದುಕಿಯ ಊರು, ಅದರ ಕೆಳಗೆ ತನ್ನ ಹೆಸರು, ಊರು ಬರೆದ. ಶಾಯಿ ಉದಾರವಾಗಿಯೇ ಖರ್ಚಾಯಿತು.

ಪಂದ್ಯದ ದಿನ ಬಂತು. ಅವನು ಬಯಲಿನ ನಡುವೆ ನಿಂತು ವಿಮಾನದ ಬಾಲಕ್ಕೆ ಊದುಬತ್ತಿ ಹಚ್ಚಿದಾಗ ನೋಡಬೇಕಿತ್ತು. ಬೆಲ್ಲದ ವ್ಯಾಪಾರಿ, ಪೂಜೆ ಶುರುವಾಯಿತು, ಯಾರಾದರೂ ತೆಂಗಿನಕಾಯಿ ತನ್ನಿರಪ್ಪಾ ಎಂದ. ಇಷ್ಟು ವರ್ಷದ ಸೋಲಿಗೆ ತಲೆ ಕೆಟ್ಟಿತು ಎಂದು ಉಳಿದವರು ನಕ್ಕರು. ತೀರ್ಪುಗಾರರು ನಗಲಿಲ್ಲ. ಇದೇ ಕಡೆಯದು ಎಂದು ಅವನಿಗೆ ನೆನಪಿಸಿದರು. ಅವನು ಪಂಖ ತಿರುವಿ ರಬ್ಬರಿಗೆ ಹುರಿ ತುಂಬಿ, ಗಾಳಿ ನೋಡಿ, ಕೈಬಿಟ್ಟ.

ಗಾಳೆಮ್ಮ ಏರಿದಳು. ಮೊದಲಿನಷ್ಟು ಚುರುಕಾಗಿ ಅಲ್ಲ. ತಗಡು, ಬತ್ತಿ, ಇಬ್ಬರ ಊರು, ಇಷ್ಟೆಲ್ಲ ಹೊತ್ತವಳು ಅಲ್ಲವೇ. ಆದರೂ ಹುಣಸೆಮರ ದಾಟಿದಳು, ಏರುಗಾಳಿ ಸಿಕ್ಕಿತು, ಹದ್ದುಗಳ ಜೊತೆ ಸೇರಿ ಸುತ್ತತೊಡಗಿದಳು. ಗುಬ್ಬಿಯಷ್ಟಾದಳು. ಸಾಸಿವೆಯಷ್ಟಾದಳು. ಹೋಯಿತು, ಈ ಸಲವೂ ಹೋಯಿತು ಎಂದರು ಜನ. ಗಡಿಯಾರದವನು ಮನಸ್ಸಿನಲ್ಲೇ ಬತ್ತಿಯ ಹೊತ್ತು ಎಣಿಸುತ್ತಿದ್ದ. ಬತ್ತಿ ಆರಿಹೋಗಿದ್ದರೆ? ಎಳೆ ಸುಡದಿದ್ದರೆ? ಇನ್ನು ಮಾಡುವುದಕ್ಕೆ ಏನೂ ಇರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತ.

ಆಗ ಸಾಸಿವೆ ಸುತ್ತುವುದನ್ನು ನಿಲ್ಲಿಸಿತು. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಸಾಸಿವೆ ಗುಬ್ಬಿಯಾಯಿತು, ಗುಬ್ಬಿ ಹದ್ದಾಯಿತು. ಬಾಲ ಎತ್ತಿಕೊಂಡು, ಅವಸರವಿಲ್ಲದೆ, ಬುಟ್ಟಿ ಹೊತ್ತು ಮೆಟ್ಟಿಲಿಳಿಯುವ ಹೆಂಗಸಿನ ಹಾಗೆ ಗಾಳೆಮ್ಮ ಇಳಿದು ಬಂದಳು. ಪಕ್ಕದ ಕಡಲೆ ಹೊಲದಲ್ಲಿ ಕುಳಿತಳು. ಗಡಿಯಾರದವನು ಚಪ್ಪಲಿ ಬಿಟ್ಟು ಓಡಿದ. ಹೊತ್ತು ಇನ್ನೂ ಮೇಲಿರುವಾಗಲೇ ಅವಳನ್ನು ತಂದು ಮೇಜಿನ ಮೇಲೆ ಇಟ್ಟ. ಇಟ್ಟವನು ಅಲ್ಲೇ ಕುಕ್ಕರಿಸಿ ಕುಳಿತು ಅತ್ತುಬಿಟ್ಟ. ಮೊದಲು ಬಂದು ಅವನನ್ನು ತಬ್ಬಿಕೊಂಡವನು ಬೆಲ್ಲದ ವ್ಯಾಪಾರಿ. ಅಂತೂ ಊರಿಗೆ ಗೌಡ ಬಂದ ಎಂದ. ಆಮೇಲೆ ಕಿವಿಯಲ್ಲಿ, ಆ ಊದುಬತ್ತಿ ಯಾವ ಅಂಗಡಿಯದು ಎಂದು ಕೇಳಿದ.

ಫಲಕ ಅವನ ಅಂಗಡಿಗೆ ಹೋಯಿತು, ಗಾಳೆಮ್ಮ ಬೇವಿನ ಕಟ್ಟೆಗೆ ಹೋದಳು. ಮುಂದಿನ ವರ್ಷ ಬಯಲಿನಲ್ಲಿ ಯಾರ ವಿಮಾನ ನೋಡಿದರೂ ಅದೇ ಸಪೂರ ಒಡಲು, ಅದೇ ಎತ್ತಿದ ತುದಿಯ ರೆಕ್ಕೆ, ಅದೇ ಏಳುವ ಬಾಲ. ಅವನು ಯಾರಿಗೂ ಇಲ್ಲವೆನ್ನದೆ ಹೇಳಿಕೊಟ್ಟ. ಆ ಮಾದರಿಗೆ ಗಾಳೆಮ್ಮ ಎಂದೇ ಹೆಸರಾಯಿತು. ಕಾಲ ಕಳೆದಂತೆ ಊದುಬತ್ತಿಯ ಬದಲು ಗಡಿಯಾರದ ಸಣ್ಣ ಯಂತ್ರವೇ ಬಂದು ಬಾಲ ಎತ್ತತೊಡಗಿತು. ಆದರೂ ಅಲ್ಲಿಯವರು ಹಾರಿಸುವ ಮೊದಲು ಬಾಲಕ್ಕೊಂದು ಕಣಗಿಲೆ ಹೂವು ಮುಟ್ಟಿಸುತ್ತಾರಂತೆ. ಯಾಕೆಂದು ಕೇಳಿದರೆ, ಹಿಂದಿನಿಂದ ಬಂದದ್ದು ಎನ್ನುತ್ತಾರಂತೆ.

ಗುರುಗಳು ಕತೆ ನಿಲ್ಲಿಸಿ ಕಾಳಿನ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. ಶಂಭುಲಿಂಗನ ಮುಂದಿನ ಅವರೆಕಾಯಿ ಮುಗಿದಿತ್ತು. ಯಾವಾಗ ಸುಲಿದನೋ ಅವನಿಗೇ ತಿಳಿದಿರಲಿಲ್ಲ. ಕತೆ ಅವನಿಗೆ ಹಿಡಿಸಿತ್ತು. ಜಾಣನಾದ್ದರಿಂದ ಅರ್ಥವೂ ಆಗಿತ್ತು, ಅಥವಾ ಆಯಿತೆಂದುಕೊಂಡ. ಏರುವವನಿಗೆ ಇಳಿಸುವುದೊಂದು ಬೇಕು, ಅದನ್ನೂ ಒಂದು ಸಾಧನೆಯಾಗಿ ಹಿಡಿದರಾಯಿತು ಎಂದು ಲೆಕ್ಕ ಹಾಕಿದ. ಗವಿಗೆ ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋಗುತ್ತೇನೆ ಎಂಬ ಉತ್ಸಾಹದಲ್ಲಿ ಕೈಮುಗಿದ.

“ಅಂಥ ಬತ್ತಿ ನನಗೆ ಎಲ್ಲಿ ಸಿಗುತ್ತದೆ ಗುರುಗಳೇ?” ಎಂದ.

ಅಷ್ಟರಲ್ಲಿ ಗಂಗಯ್ಯ ಕಾಳು ಒಯ್ಯಲು ಜಗಲಿಗೆ ಬಂದ. ಬಲಗೈಗೆ ಬಾಳೆ ಎಲೆ ಸುತ್ತಿ ಬಟ್ಟೆ ಕಟ್ಟಿತ್ತು. ಎಡಗೈಯೊಂದರಲ್ಲೇ ಮೊರ ಎತ್ತಲು ನೋಡಿದ, ಅದು ವಾಲಿತು. ಗುರುಗಳು ಇನ್ನೊಂದು ಬದಿಗೆ ಕೈಕೊಟ್ಟು ಎದ್ದರು. ಮೊರವನ್ನು ಇಬ್ಬರೂ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಹೋದರು. ಹೊಸ್ತಿಲಲ್ಲಿ ಗುರುಗಳು ತಿರುಗಿ ನೋಡಿದರು.

“ಮೊನ್ನೆ ಇವನು ಕೂಗಿಕೊಂಡಾಗ ಬೆಂಕಿ ನಿನ್ನ ಎಳೆಯವರೆಗೂ ಬಂದಿತ್ತು ಮಗು, ಬಾಲ ಏಳಲಿಲ್ಲ.”